ಮೂಳೆ ತಿನ್ನುವುದು ಕ್ಯಾನ್ಸರ್ ಅಲ್ಲ, ತಿನ್ನಿಸುವುದು ಕ್ಯಾನ್ಸರ್

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಸ್ತನ ಕ್ಯಾನ್ಸರ್ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಮೂಳೆಯ ವಿಚಾರವೇ ಜಾಸ್ತಿ. ಎಲ್ಲವೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವು. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿಕೊಂಡಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಅದನ್ನು ಓದಿಕೊಂಡರೆ ಉಳಿದದ್ದೆಲ್ಲ ಸಲೀಸು.

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 58 ವರ್ಷ. ಆರು ವರ್ಷದ ಹಿಂದೆ ಸ್ತನದ ಗಡ್ಡೆ ಅಂತ ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಮುಗಿಯಿತು. ಚೆನ್ನಾಗೇ ಇದ್ದರು, ರೇಷ್ಮೆ ಬಿಚ್ಚಾಣಿಕೆ ಕೆಲಸಕ್ಕೂ ಹೋಗುತ್ತಿದ್ದರು. ಕೆಲವು ತಿಂಗಳಿಂದ ಸೊಂಟ ನೋವು. ದಿನವೆಲ್ಲ ಬೇಸಿನ್ ಮುಂದೆ ಕೂತು ಕೂತು ಬಂದಿದೆ ಅಂತ ನಾವೂ ಸುಮ್ಮನಿದ್ದೆವು. ಈಗ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯಲ್ಲಿ ಎರಡು ಕಡೆ, ಸೊಂಟದ ಮೂಳೆಯಲ್ಲಿ ಒಂದು ಕಡೆ 'ಲೈಟಿಕ್ ಲೀಷನ್' ಅಂತ ಬರೆದಿದ್ದಾರೆ. ಕೇಳಿದರೆ 'ಕ್ಯಾನ್ಸರ್ ಮೂಳೆ ತಿಂದಿದೆಯಮ್ಮ' ಅಂದರು, ಅಷ್ಟೇ. ಅಷ್ಟು ಮೆತ್ತಗಿನ ಗಡ್ಡೆ ಅಷ್ಟು ಗಟ್ಟಿ ಮೂಳೆಯನ್ನು ಹೇಗೆ ತಿನ್ನುತ್ತದೆ? ನಾನು ಬಿಎಸ್ಸಿ ಓದಿದವಳು, ಕೋಶದ ಮಟ್ಟದಲ್ಲೇ ಹೇಳಿ. — ಶಿಡ್ಲಘಟ್ಟ

ಉತ್ತರ: ತಿನ್ನುವುದಿಲ್ಲಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ನಾವು ಡಾಕ್ಟರುಗಳೂ ಅವಸರದಲ್ಲಿ ಹಾಗೇ ಅಂದುಬಿಡುತ್ತೇವೆ. ಆದರೆ ಸ್ತನ ಕ್ಯಾನ್ಸರಿನ ಕೋಶಕ್ಕೆ ಮೂಳೆಯನ್ನು ಈ ಪರಿ ಕರಗಿಸುವ ತಾಕತ್ತು ಇಲ್ಲ. ಕರಗಿಸುವುದು ನಿಮ್ಮ ಅಮ್ಮನ ದೇಹದ ಕೋಶಗಳೇ. ಕ್ಯಾನ್ಸರ್ ಅವುಗಳ ಕೈಲಿ ಮಾಡಿಸುತ್ತದೆ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನ ಔಷಧಿ, ಇಂಜೆಕ್ಷನ್ ಎಲ್ಲದಕ್ಕೂ ಅರ್ಥ ಸಿಗುತ್ತದೆ.

ಮೂಳೆ ಒಮ್ಮೆ ಬೆಳೆದು ಸುಮ್ಮನಾಗುವ ವಸ್ತುವಲ್ಲ. ದೊಡ್ಡವರಾದ ಮೇಲೂ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹಳೆಯದು ಹೋಗಿ ಹೊಸದು ಬರುತ್ತಿರುತ್ತದೆ. ಹಳೆಯದನ್ನು ಕರಗಿಸುವ ಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಅಂತ ಹೆಸರು, ಹೊಸದನ್ನು ಕಟ್ಟುವ ಕೋಶ ಆಸ್ಟಿಯೋಬ್ಲಾಸ್ಟ್. ಮೆಡಿಕಲ್ ಓದುವ ಹುಡುಗರೇ ಪರೀಕ್ಷೆಯಲ್ಲಿ ಅದಲು ಬದಲು ಬರೆದು ಬರುತ್ತಾರೆ, ಹಾಗಾಗಿ ಇಲ್ಲಿ ಕರಗಿಸುವ ಕೋಶ, ಕಟ್ಟುವ ಕೋಶ ಅಂತಲೇ ಅನ್ನೋಣ.

ಕರಗಿಸುವ ಕೋಶ ನೋಡಲು ಸ್ವಲ್ಪ ವಿಚಿತ್ರ. ಬಿಳಿ ರಕ್ತಕಣಗಳಲ್ಲಿ ಮಾನೊಸೈಟ್ ಅಂತ ಇದೆಯಲ್ಲ, ಅದರ ವಂಶದ ಹಲವು ಕೋಶಗಳು ಒಂದರೊಳಗೊಂದು ಬೆರೆತು ಆದ ದೊಡ್ಡ ಕೋಶ ಅದು. ಒಳಗೆ ಐದು, ಹತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಕೋಶಕೇಂದ್ರಗಳು. ಅದು ಮೂಳೆಯ ಮೇಲೆ ಕೂತು ತನ್ನ ಅಂಚನ್ನು ಸುತ್ತಲೂ ಬಿಗಿಯಾಗಿ ಅಂಟಿಸಿಕೊಳ್ಳುತ್ತದೆ. ಅಡಿಯಲ್ಲಿ ಒಂದು ಮುಚ್ಚಿದ ಜಾಗ ಆಗುತ್ತದೆ. ಆ ಕಡೆಯ ಪೊರೆ ನಿರಿಗೆ ನಿರಿಗೆಯಾಗಿ ಮಡಿಸಿಕೊಂಡು, ಅಲ್ಲಿಂದ ಆಮ್ಲ ಇಳಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ, ಪಿಎಚ್ ಸುಮಾರು 4.5. ಮೂಳೆಯ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್, ಅದರಲ್ಲಿ ಕರಗಿಹೋಗುತ್ತದೆ. ಉಳಿದ ಕೊಲಾಜನ್ ನಾರನ್ನು ಕೆಥೆಪ್ಸಿನ್-ಕೆ ಅನ್ನುವ ಎಂಜೈಮ್ ಕತ್ತರಿಸಿ ಹಾಕುತ್ತದೆ. ಕೊನೆಗೆ ಅಲ್ಲೊಂದು ಸಣ್ಣ ಗುಳಿ. ಒಂದು ಜಾಗದಲ್ಲಿ ಈ ಕೆಲಸ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಅದೇ ಗುಳಿಯನ್ನು ಕಟ್ಟುವ ಕೋಶಗಳು ತುಂಬಲು ಮೂರು ನಾಲ್ಕು ತಿಂಗಳು ಬೇಕು. ಆರೋಗ್ಯವಂತರಲ್ಲೇ ಹೀಗಿದ್ದ ಮೇಲೆ, ಕರಗಿಸುವ ಕಡೆಗೆ ಯಾರಾದರೂ ಸ್ವಲ್ಪ ಒತ್ತು ಕೊಟ್ಟರೂ ಲೆಕ್ಕ ತಪ್ಪುತ್ತದೆ.

ಇಂಥ ರೋಗಿಯ ಮೂಳೆಯ ಚೂರನ್ನು ಮೈಕ್ರೋಸ್ಕೋಪಿನ ಅಡಿ ಇಟ್ಟು ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ಮೂಳೆ ಗುಲಾಬಿ ಪಟ್ಟಿಯಾಗಿ ಕಾಣುತ್ತದೆ, ಅದರ ಅಂಚು ನೇರವಾಗಿ ಇರುವುದಿಲ್ಲ, ಗುಳಿಗುಳಿ. ಆ ಗುಳಿಗಳಲ್ಲಿ ಕೂತಿರುವುದು ಹಲವು ಕೇಂದ್ರಗಳ ಆ ದೊಡ್ಡ ಕೋಶಗಳು. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸ್ವಲ್ಪ ಆಚೆ, ಮಜ್ಜೆಯಲ್ಲಿ ಗುಂಪು ಕಟ್ಟಿಕೊಂಡು ಇರುತ್ತವೆ. ಕೆಲಸ ಮಾಡುತ್ತಿರುವವರು ಒಂದು ಕಡೆ, ಮಾಡಿಸುತ್ತಿರುವವರು ಇನ್ನೊಂದು ಕಡೆ.

ಹೇಗೆ ಮಾಡಿಸುತ್ತವೆ ಅನ್ನುವುದು ಇಲ್ಲಿನ ಸ್ವಾರಸ್ಯ. ಕರಗಿಸುವ ಕೋಶ ತನ್ನಷ್ಟಕ್ಕೆ ತಾನೇ ತಯಾರಾಗುವುದಿಲ್ಲ, ಅಪ್ಪಣೆ ಬೇಕು. ಅಪ್ಪಣೆ ಕೊಡುವುದು ಯಾರು ಗೊತ್ತಾ? ಕಟ್ಟುವ ಕೋಶಗಳು ಮತ್ತು ಮೂಳೆಯೊಳಗೇ ಹುದುಗಿರುವ ಆಸ್ಟಿಯೋಸೈಟ್‌ಗಳು. ಅವು ರ‍್ಯಾಂಕ್-ಎಲ್ ಅನ್ನುವ ಪ್ರೋಟೀನ್ ಹೊರಡಿಸುತ್ತವೆ. ಅದು ಮಾನೊಸೈಟ್ ವಂಶದ ಎಳೆಯ ಕೋಶಗಳ ಮೇಲಿರುವ ರ‍್ಯಾಂಕ್ ಅನ್ನುವ ಗ್ರಾಹಿಗೆ (ರಿಸೆಪ್ಟರ್‌ಗೆ) ಹೋಗಿ ಕೂತರೆ, ಆ ಕೋಶಗಳು ಒಂದಾಗಿ ಬೆರೆತು ಕರಗಿಸುವ ಕೋಶವಾಗುತ್ತವೆ. ಇದು ಮಿತಿ ಮೀರಬಾರದು ಅಂತ ಅದೇ ಕಟ್ಟುವ ಕೋಶಗಳು ಓಪಿಜಿ ಅನ್ನುವ ಇನ್ನೊಂದು ಪ್ರೋಟೀನನ್ನೂ ಬಿಡುತ್ತವೆ. ಪೂರ್ತಿ ಹೆಸರು ಆಸ್ಟಿಯೋಪ್ರೊಟೆಗೆರಿನ್. ಅದು ರ‍್ಯಾಂಕ್-ಎಲ್ ಅನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಮೂಳೆ ಎಷ್ಟು ಕರಗಬೇಕು ಅನ್ನುವುದು ಇವೆರಡರ ಪ್ರಮಾಣದ ಮೇಲೆ ನಿಂತಿದೆ. ಇದೆಲ್ಲ ಬಹಳ ಹಳೆಯ ತಿಳಿವಳಿಕೆ ಏನಲ್ಲ, 1997–98ರ ಹೊತ್ತಿಗೆ ಗೊತ್ತಾಗಿದ್ದು.

ಈಗ ಕ್ಯಾನ್ಸರ್ ಕೋಶ ಬರುತ್ತದೆ. ಮೂಳೆಗೆ ಬಂದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬಹಳಷ್ಟು ಪಿಟಿಎಚ್‌ಆರ್‌ಪಿ ಅನ್ನುವ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತವೆ. ನಮ್ಮ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಬಿಡುವ ಹಾರ್ಮೋನಿಗೆ ಇದು ಬಹಳ ಹತ್ತಿರದ್ದು. ಕ್ಯಾನ್ಸರ್ ಇರುವವರ ರಕ್ತದಲ್ಲಿ ಕ್ಯಾಲ್ಸಿಯಂ ಯಾಕೆ ಏರುತ್ತದೆ ಅಂತ ಹುಡುಕುತ್ತಾ 1987ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮತ್ತು ಅಮೆರಿಕದ ತಂಡಗಳು ಇದನ್ನು ಪತ್ತೆ ಮಾಡಿದವು. ಕಟ್ಟುವ ಕೋಶಕ್ಕೆ ಇದು ತಾಗಿದರೆ ಅದು ರ‍್ಯಾಂಕ್-ಎಲ್ ಜಾಸ್ತಿ ಮಾಡುತ್ತದೆ, ಓಪಿಜಿ ಕಡಿಮೆ ಮಾಡುತ್ತದೆ. ಅಷ್ಟು ಸಾಕು. ಕರಗಿಸುವ ಕೋಶಗಳ ದಂಡೇ ಎದ್ದು ಕೂರುತ್ತದೆ. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-11ರಂಥ ಇನ್ನೂ ಕೆಲವು ವಸ್ತುಗಳು ಇದಕ್ಕೆ ಒತ್ತಾಸೆ ಕೊಡುತ್ತವೆ.

ಇಲ್ಲಿಗೇ ನಿಂತಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಮೂಳೆ ಬೆಳೆಯುವಾಗ ಅದರ ಗಾರೆಯೊಳಗೆ ಟಿಜಿಎಫ್-ಬೀಟಾ, ಐಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನುಗಳು ಸೇರಿಕೊಂಡಿರುತ್ತವೆ. ಮೂಳೆ ಕರಗಿದಾಗ ಅವು ಹೊರಗೆ ಬರುತ್ತವೆ, ಕ್ಯಾಲ್ಸಿಯಂ ಕೂಡ ಬರುತ್ತದೆ. ಪಕ್ಕದಲ್ಲೇ ಕ್ಯಾನ್ಸರ್ ಕೋಶಗಳು ಕೂತಿವೆಯಲ್ಲ. ಐಜಿಎಫ್ ಸಿಕ್ಕಿ ಅವು ಬೆಳೆಯುತ್ತವೆ. ಟಿಜಿಎಫ್-ಬೀಟಾ ಸಿಕ್ಕಿ ಪಿಟಿಎಚ್‌ಆರ್‌ಪಿ ಇನ್ನಷ್ಟು ಮಾಡುತ್ತವೆ. ಅದರಿಂದ ಮೂಳೆ ಇನ್ನಷ್ಟು ಕರಗುತ್ತದೆ, ಕರಗಿದಷ್ಟೂ ಇವುಗಳಿಗೆ ಮತ್ತೆ ಸಿಗುತ್ತದೆ.

ನಮ್ಮ ಕಡೆ ಕೆರೆ ಗೋಡು ಹೊಡೆದ ಹೊಲದಲ್ಲಿ ರಾಗಿ ಹೇಗೆ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಒಬ್ಬ ಒತ್ತುವರಿದಾರ ಕೆರೆಯಂಗಳದಲ್ಲೇ ಹೊಲ ಮಾಡಿಕೊಂಡು, ಕೆರೆ ನೋಡಿಕೊಳ್ಳಲು ಊರು ಇಟ್ಟಿರುವ ಆಳುಗಳಿಗೇ ಕಾಸು ಕೊಟ್ಟು ಹಗಲು ರಾತ್ರಿ ಗೋಡು ತೆಗೆಸಿ ತನ್ನ ಹೊಲಕ್ಕೆ ಹಾಕಿಸಿಕೊಳ್ಳುತ್ತಾನೆ ಅಂದುಕೊಳ್ಳಿ. ಬೆಳೆ ಬರುತ್ತದೆ, ಬೆಳೆ ಮಾರಿದ ಕಾಸಿನಲ್ಲಿ ಇನ್ನಷ್ಟು ಆಳು ಹಚ್ಚುತ್ತಾನೆ. ಅವನು ಒಂದು ದಿನವೂ ಗುದ್ದಲಿ ಮುಟ್ಟಿರುವುದಿಲ್ಲ, ಕೆರೆ ಏರಿ ಮಾತ್ರ ಬುಡ ಬಿಟ್ಟಿರುತ್ತದೆ.

ಇದು ಬರೀ ಊಹೆ ಅಲ್ಲ. 1996ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಥೆರೇಸಾ ಗೈಸ್ ಮತ್ತು ಗ್ರೆಗರಿ ಮಂಡಿ ಅವರ ತಂಡ ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಹಾಕಿ, ಪಿಟಿಎಚ್‌ಆರ್‌ಪಿಯನ್ನು ತಡೆಯುವ ಪ್ರತಿಕಾಯ ಕೊಟ್ಟು ನೋಡಿತು. ಮೂಳೆಯ ಗುಳಿಗಳು ಕಡಿಮೆಯಾದವು, ಅದರ ಜೊತೆಗೆ ಮೂಳೆಯೊಳಗಿನ ಕ್ಯಾನ್ಸರ್ ಕೂಡ ಕಡಿಮೆಯಾಯಿತು. ಎರಡನೆಯದೇ ಮುಖ್ಯ. ಒಂದನ್ನು ತಡೆದರೆ ಇನ್ನೊಂದಕ್ಕೂ ಏಟು ಬೀಳುತ್ತದೆ ಅಂತ ಆಯಿತಲ್ಲ.

ಇನ್ನೂ ಒಂದು ಉಪದ್ರವ ಇದೆ. ಕ್ಯಾನ್ಸರ್ ಕೋಶಗಳು ಡಿಕೆಕೆ-1 ಎಂಬಂಥ ವಸ್ತುಗಳನ್ನು ಬಿಟ್ಟು ಕಟ್ಟುವ ಕೋಶಗಳ ಕೆಲಸವನ್ನೂ ಅಡಗಿಸುತ್ತವೆ. ಹಾಗಾಗಿ ಆದ ಗುಳಿ ತುಂಬುವುದೂ ಇಲ್ಲ. ನಿಮ್ಮ ರಿಪೋರ್ಟಿನ 'ಲೈಟಿಕ್' ಅಂದರೆ ಇದೇ, ಮೂಳೆ ಕರಗಿದ ಜಾಗ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಬಂದರೆ ಹೆಚ್ಚಾಗಿ ಉಲ್ಟಾ, ಅಲ್ಲಿ ಅಡ್ಡಾದಿಡ್ಡಿ ಹೊಸ ಮೂಳೆ ಬೆಳೆಯುತ್ತದೆ. ಸ್ತನದ್ದರಲ್ಲಿ ಕರಗುವುದೇ ಹೆಚ್ಚು, ಕೆಲವರಲ್ಲಿ ಎರಡೂ ಇರುತ್ತವೆ.

ಸ್ತನದಿಂದ ಬೆನ್ನುಮೂಳೆಗೆ ದಾರಿ ಹೇಗೆ ಅನ್ನಬಹುದು ನೀವು. ರಕ್ತದ ಮೂಲಕ. ಬೆನ್ನುಮೂಳೆಯ ಸುತ್ತ ಕವಾಟಗಳೇ ಇಲ್ಲದ ಅಭಿಧಮನಿಗಳ ಜಾಲ ಇದೆ, ಎದೆಗೋಡೆಯ ರಕ್ತನಾಳಗಳಿಗೂ ಅದಕ್ಕೂ ಸಂಪರ್ಕ ಇದೆ ಅಂತ 1940ರಲ್ಲಿ ಬ್ಯಾಟ್ಸನ್ ಎಂಬುವವರು ತೋರಿಸಿದರು. ಕೆಮ್ಮಿದರೆ, ತಿಣುಕಿದರೆ ಅಲ್ಲಿ ರಕ್ತ ಹಿಂದಕ್ಕೂ ಹರಿಯುತ್ತದೆ. ಆದರೆ ದಾರಿ ಇದ್ದ ಮಾತ್ರಕ್ಕೆ ಹೋದ ಕೋಶವೆಲ್ಲ ಬದುಕುವುದಿಲ್ಲ. 1889ರಷ್ಟು ಹಿಂದೆಯೇ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಸರ್ಜನ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿ, ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಅಂತ ಬರೆದಿದ್ದರು. ಮಣ್ಣು ಒಗ್ಗಲು ಕಾರಣಗಳು ಆಮೇಲೆ ಒಂದೊಂದಾಗಿ ಸಿಕ್ಕವು. ಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನ್ ಹೇರಳ, ಅದನ್ನು ಗುರುತಿಸುವ ಗ್ರಾಹಿ ಸ್ತನ ಕ್ಯಾನ್ಸರ್ ಕೋಶಗಳ ಮೇಲಿದೆ ಅಂತ 2001ರಲ್ಲಿ ಗೊತ್ತಾಯಿತು. ಮುಂದುವರಿದ ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಮಂದಿಯಲ್ಲಿ ಮೂಳೆಗೂ ಹೋಗಿರುತ್ತದೆ ಅನ್ನುವುದು ಇದಕ್ಕೇ.

ಅಮ್ಮನ ನೋವಿನ ಬಗ್ಗೆ ಒಂದು ಮಾತು. ಕರಗಿಸುವ ಕೋಶ ಬಿಡುವ ಆಮ್ಲವೇ ಮೂಳೆಯ ನರದ ತುದಿಗಳನ್ನು ಕೆರಳಿಸುತ್ತದೆ. ಕೂತು ಕೆಲಸ ಮಾಡಿ ಬಂದ ನೋವು ಮಲಗಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಇದು ಮಲಗಿದರೂ ಇರುತ್ತದೆ, ರಾತ್ರಿ ಇನ್ನೂ ಜಾಸ್ತಿ. ನೀವು ಸುಮ್ಮನಿದ್ದದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ, ಬಿಚ್ಚಾಣಿಕೆ ಕೆಲಸದವರಿಗೆ ಸೊಂಟ ನೋವು ಇಲ್ಲದೇ ಇರುವುದೇ ಅಪರೂಪ. ಆದರೆ ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದವರಲ್ಲಿ ಬಿಡದೆ ಇರುವ ಹೊಸ ಮೂಳೆ ನೋವನ್ನು ವಾಯು ಅಂತ, ಮುದಿತನ ಅಂತ ತಳ್ಳಬೇಡಿ. ಸಾದಾ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ನೆಮ್ಮದಿಯಾಗಿಯೂ ಕೂರಬೇಡಿ, ಮೂಳೆಯ ಖನಿಜ 30ರಿಂದ 50 ಶೇಕಡಾ ಹೋಗುವ ತನಕ ಎಕ್ಸ್‌ರೇ ಅದನ್ನು ತೋರಿಸುವುದಿಲ್ಲ.

ಅಮ್ಮನಿಗೆ ಕಾಲಿನ ಬಲ ಕಡಿಮೆಯಾದರೆ, ಜೋಮು ಹತ್ತಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಆಗ ನಾಳೆ ಅನ್ನಬೇಡಿ, ರಾತ್ರಿಯಾದರೂ ಸರಿ ಹೊರಡಿ.

ಪ್ರಶ್ನೆ: ನಮ್ಮ ಅಕ್ಕನಿಗೆ ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ತೆಗೆದಿದ್ದೇವೆ ಅಂದಿದ್ದರು. ಎಂಟು ವರ್ಷ ಆದ ಮೇಲೆ ಪಕ್ಕೆಲುಬಿನಲ್ಲಿ ಬಂದಿದೆ. ಸುಳ್ಳು ಹೇಳಿದರಾ? ಕತ್ತರಿ ತಾಗಿಸಿದ್ದಕ್ಕೇ ಹರಡಿತು ಅಂತ ನಮ್ಮ ಅತ್ತೆ ಹೇಳುತ್ತಿದ್ದಾರೆ. — ಮಾಲೂರು

ಉತ್ತರ: ಸುಳ್ಳಲ್ಲ, ಕತ್ತರಿಯ ತಪ್ಪೂ ಅಲ್ಲ. ಸ್ತನದಲ್ಲಿದ್ದದ್ದನ್ನು ಪೂರ್ತಿ ತೆಗೆದಿದ್ದಾರೆ. ಆದರೆ ಗಡ್ಡೆ ಕೈಗೆ ಸಿಗುವ ಹೊತ್ತಿಗೇ ಕೆಲವು ಕೋಶಗಳು ರಕ್ತ ಸೇರಿ ಮಜ್ಜೆಯಲ್ಲಿ ಇಳಿದುಕೊಂಡಿರಬಹುದು, ಒಂದೋ ಎರಡೋ ಕೋಶ ಇದ್ದರೆ ಅದನ್ನು ತೋರಿಸುವ ಸ್ಕ್ಯಾನೇ ಇಲ್ಲ. ಅವು ಅಲ್ಲಿ ಕಟ್ಟುವ ಕೋಶಗಳ ಪಕ್ಕದಲ್ಲೋ ಸಣ್ಣ ರಕ್ತನಾಳಗಳ ಪಕ್ಕದಲ್ಲೋ ವಿಭಜನೆಯಾಗದೆ ಮಲಗಿಬಿಡುತ್ತವೆ. ಕೀಮೋ ಮುಖ್ಯವಾಗಿ ಹೊಡೆಯುವುದು ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು, ಹಾಗಾಗಿ ಮಲಗಿದ್ದವು ತಪ್ಪಿಸಿಕೊಳ್ಳುತ್ತವೆ. ಯಾವಾಗಲೋ ಎದ್ದು, ಮೇಲೆ ಹೇಳಿದ ಸುತ್ತು ಶುರು ಮಾಡುತ್ತವೆ. ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನಿನ ಗ್ರಾಹಿ ಇರುವ ಜಾತಿಯ ಸ್ತನ ಕ್ಯಾನ್ಸರ್ ಹತ್ತು, ಹದಿನೈದು ವರ್ಷದ ಮೇಲೂ ಹೀಗೆ ಬರುವುದುಂಟು. ಅಂಥವರಿಗೆ ಐದು ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಮಾತ್ರೆ ಕೊಡುವುದು ಇದಕ್ಕೇ.

ಇನ್ನೊಂದು ವಿಷಯ. ಇದನ್ನು ಮೂಳೆ ಕ್ಯಾನ್ಸರ್ ಅಂತ ಕರೆಯಬೇಡಿ. ಮೂಳೆಯಲ್ಲಿದ್ದರೂ ಇದು ಸ್ತನದ ಕ್ಯಾನ್ಸರೇ, ಔಷಧಿಯೂ ಅದಕ್ಕೆ ತಕ್ಕದ್ದೇ. ಹಾರ್ಮೋನ್ ಗ್ರಾಹಿ ಇದೆಯೋ, ಹರ್-2 ಅನ್ನುವ ಪ್ರೋಟೀನ್ ಹೆಚ್ಚಿದೆಯೋ ಅಂತ ಸಾಧ್ಯವಾದರೆ ಮತ್ತೊಮ್ಮೆ ಬಯಾಪ್ಸಿ ಮಾಡಿ ನೋಡುತ್ತಾರೆ, ಕೆಲವರಲ್ಲಿ ಅದು ಬದಲಾಗಿರುತ್ತದೆ. ಅತ್ತೆಗೆ ಇದನ್ನು ಓದಿ ಹೇಳಿ. ಕತ್ತರಿ ತಾಗಿದರೆ ಹರಡುತ್ತದೆ ಅನ್ನುವ ಮಾತಿಗೆ ಹೆದರಿ ಆಪರೇಷನ್ ಮುಂದೂಡಿದವರನ್ನು ನೋಡಿ ನೋಡಿ ಸಾಕಾಗಿದೆ.

ಪ್ರಶ್ನೆ: ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್ ಇದೆ. ಬಚ್ಚಲಲ್ಲಿ ಸುಮ್ನೆ ತಿರುಗಿದ್ದಕ್ಕೇ ತೊಡೆಮೂಳೆ ಮುರಿಯಿತು, ಬೀಳಲೂ ಇಲ್ಲ. ಆಪರೇಷನ್ ಮಾಡಿ ರಾಡ್ ಹಾಕಬೇಕು ಅನ್ನುತ್ತಾರೆ. ನಮ್ಮೂರಿಂದ ಆಂಧ್ರದ ಪುತ್ತೂರು ಹತ್ತಿರ, ಅಲ್ಲಿ ಕಟ್ಟು ಹಾಕಿಸಿದರೆ ಆಗಲ್ವಾ? — ಮುಳಬಾಗಿಲು

ಉತ್ತರ: ಆಗುವುದಿಲ್ಲ. ಪುತ್ತೂರು ಕಟ್ಟಿನ ಮೇಲೆ ನಮ್ಮ ಜನಕ್ಕಿರುವ ನಂಬಿಕೆ ನನಗೆ ಗೊತ್ತು, ಕೋಲಾರದಿಂದ ಬೆಂಗಳೂರಿನ ತನಕ ಬೋರ್ಡುಗಳಿವೆ. ಬಿದ್ದು ಮುರಿದ ಆರೋಗ್ಯವಂತ ಮೂಳೆ ಅಲುಗದೆ ಇಟ್ಟರೆ ಕೂಡಿಕೊಳ್ಳುತ್ತದೆ, ಯಾಕೆಂದರೆ ಕಟ್ಟುವ ಕೋಶಗಳು ಬಂದು ಹೊಸ ಮೂಳೆ ಹಾಕುತ್ತವೆ. ಅತ್ತಿಗೆಯ ಮೂಳೆ ಒಳಗಿನಿಂದ ಕರಗಿ ಮುರಿದಿದೆ. ಅಲ್ಲಿ ಕರಗಿಸುವ ಕೋಶಗಳು ಇನ್ನೂ ಕೂತಿವೆ, ಕಟ್ಟುವ ಕೋಶಗಳ ಕೈ ಕಟ್ಟಿಹಾಕಿದೆ. ಬಿದಿರು ಪಟ್ಟಿ, ಎಣ್ಣೆ, ಮೊಟ್ಟೆ ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ಎಳೆದು ಕಟ್ಟಿದರೆ ಇನ್ನೊಂದು ಕಡೆಯೂ ಮುರಿಯಬಹುದು. ಎಣ್ಣೆ ಹಚ್ಚಿ ನೀವುವುದೂ ಬೇಡ.

ರಾಡ್ ಹಾಕಿ ಮೂಳೆ ನಿಲ್ಲಿಸುತ್ತಾರೆ, ಆಮೇಲೆ ಆ ಜಾಗಕ್ಕೆ ಕರೆಂಟ್ ಕೊಟ್ಟು ಅಲ್ಲಿನ ಕ್ಯಾನ್ಸರ್ ಕೋಶಗಳನ್ನು ಸುಡುತ್ತಾರೆ. ಮುರಿಯದೆ ಬರೀ ನೋವಿರುವ ಮೂಳೆಗೆ ಬಹಳ ಜನರಲ್ಲಿ ಒಂದೇ ಸಲದ 8 ಗ್ರೇ ಕರೆಂಟ್ ಸಾಕಾಗುತ್ತದೆ, ವಾರಗಟ್ಟಲೆ ಓಡಾಡಬೇಕಾಗಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಹಳೆಯ ಬಯಾಪ್ಸಿ ರಿಪೋರ್ಟ್, ಸ್ಲೈಡು, ಬ್ಲಾಕು ಎಲ್ಲ ಜೊತೆಗಿರಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ, ಯಾವ ಚಿಕಿತ್ಸೆ ಅದರಲ್ಲಿ ಸೇರುತ್ತದೆ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮೂಳೆ ಮೊದಲೇ ಹಾಳಾಗಿರುವುದರಿಂದ ಕ್ಯಾನ್ಸರ್ ಅಲ್ಲಿಗೆ ಬೇಗ ಹೋಗುತ್ತದಾ? — ಪಾವಗಡ

ಉತ್ತರ: ಒಳ್ಳೆಯ ಪ್ರಶ್ನೆ. ಫ್ಲೋರೈಡ್ ನೀರಿನಿಂದ ಸ್ತನ ಕ್ಯಾನ್ಸರ್ ಮೂಳೆಗೆ ಹರಡುತ್ತದೆ ಅನ್ನಲು ಆಧಾರವಿಲ್ಲ. ಎರಡೂ ಮೂಳೆಯ ತೊಂದರೆಯೇ ಆದರೂ ದಾರಿ ಬೇರೆ ಬೇರೆ. ಫ್ಲೋರೈಡ್ ಮೂಳೆಯ ಹರಳಿನೊಳಗೇ ಸೇರಿಕೊಂಡು ಅದನ್ನು ಆಮ್ಲದಲ್ಲಿ ಸುಲಭಕ್ಕೆ ಕರಗದಂತೆ ಮಾಡುತ್ತದೆ, ಕಟ್ಟುವ ಕೋಶಗಳನ್ನೂ ಉದ್ರೇಕಿಸುತ್ತದೆ. ಹಾಗಾಗಿ ಫ್ಲೋರೋಸಿಸ್ ಇರುವವರ ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ, ಬೆನ್ನಿನ ಕಟ್ಟುನಾರುಗಳಲ್ಲೂ ಸುಣ್ಣ ಕಟ್ಟುತ್ತದೆ, ಬೆನ್ನು ಬಗ್ಗುವುದಿಲ್ಲ. ದಟ್ಟವಾದರೂ ಗಟ್ಟಿ ಅಲ್ಲ, ಅದು ಬೇರೆ ಮಾತು.

ತೊಂದರೆ ಆಗುವುದು ಸ್ಕ್ಯಾನ್ ಓದುವಾಗ. ಕ್ಯಾನ್ಸರಿನಿಂದ ಮೂಳೆ ದಟ್ಟವಾದದ್ದಕ್ಕೂ ಫ್ಲೋರೈಡಿನಿಂದ ಆದದ್ದಕ್ಕೂ ಗೊಂದಲ ಆಗಬಹುದು. ಬೆಂಗಳೂರಿನಲ್ಲಿ ತೋರಿಸುವಾಗ ಊರು ಪಾವಗಡ, ಇಷ್ಟು ವರ್ಷ ಬೋರ್‌ವೆಲ್ ನೀರು ಕುಡಿದಿದ್ದೇವೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಶುದ್ಧ ನೀರಿನ ಘಟಕದಿಂದಲೇ ತನ್ನಿ.

ಪ್ರಶ್ನೆ: ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಮೂಳೆಗೆ ಬಂದಿದೆ. ರಕ್ತದಲ್ಲಿ ಕ್ಯಾಲ್ಸಿಯಂ 13 ಬಂತು, ಡ್ರಿಪ್ ಹಾಕಿ ಇಳಿಸಿದರು. ರಾಗಿ ಮುದ್ದೆ ನಿಲ್ಲಿಸಿಬಿಟ್ಟಿದ್ದೇವೆ. ದೊಡ್ಡಮ್ಮ ಅನ್ನ ಸೇರುವುದಿಲ್ಲ ಅಂತ ಹಟ ಮಾಡುತ್ತಾರೆ. — ಶಿರಾ

ಉತ್ತರ: ಮುದ್ದೆ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ನಿಜ. ದೊಡ್ಡಮ್ಮನ ಮೂಳೆಗಳಲ್ಲಿರುವುದು ಒಂದು ಕಿಲೋ ಹತ್ತಿರ. ರಕ್ತಕ್ಕೆ ಬಂದದ್ದು ತಟ್ಟೆಯಿಂದಲ್ಲ, ಮೂಳೆಯಿಂದ. ಅದರ ಮೇಲೆ ಪಿಟಿಎಚ್‌ಆರ್‌ಪಿ ಕಿಡ್ನಿಗೂ ಹೋಗಿ ಕ್ಯಾಲ್ಸಿಯಂ ಹೊರಗೆ ಹಾಕಬೇಡ ಅನ್ನುತ್ತದೆ. ಸಾಮಾನ್ಯವಾಗಿ 8.5ರಿಂದ 10.5 ಒಳಗಿರಬೇಕಾದದ್ದು 13ಕ್ಕೆ ಏರುವುದು ಹೀಗೆ. ಕ್ಯಾಲ್ಸಿಯಂ ಮಾತ್ರೆ, ವಿಟಮಿನ್-ಡಿ ಮಾತ್ರೆಯ ವಿಷಯ ಬೇರೆ, ಅದನ್ನು ಏರಿದ್ದಾಗ ನಿಲ್ಲಿಸುತ್ತಾರೆ, ಮತ್ತೆ ಯಾವಾಗ ಶುರು ಅಂತ ಡಾಕ್ಟರನ್ನೇ ಕೇಳಿ.

ಇನ್ನು ಮುಂದೆ ಗಮನಿಸಬೇಕಾದದ್ದು: ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಆಮೇಲೆ ಮಂಕು. ನಮ್ಮ ಜನ ಮೊದಲ ಎರಡನ್ನು ನೋಡಿ ಶುಗರ್ ಅಂದುಕೊಳ್ಳುತ್ತಾರೆ, ಮಂಕಾದಾಗ ನಿದ್ದೆ ಮಾಡಲಿ ಬಿಡು ಅನ್ನುತ್ತಾರೆ. ಆ ನಿದ್ದೆ ಒಳ್ಳೆಯದಲ್ಲ. ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ ತಿಂಗಳಿಗೊಮ್ಮೆ ಮೂಳೆಯ ಇಂಜೆಕ್ಷನ್ ಶುರು ಮಾಡಬೇಕು, ಅದಕ್ಕೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ ಅಂದರು. ಎದೆಯ ಕಾಯಿಲೆಗೂ ಹಲ್ಲಿಗೂ ಏನು ಸಂಬಂಧ? — ಗೌರಿಬಿದನೂರು

ಉತ್ತರ: ಹೇಳಿದವರು ಸರಿಯಾಗಿ ಹೇಳಿದ್ದಾರೆ, ಹೋಗಿ ಬನ್ನಿ. ಇಂಜೆಕ್ಷನ್ ಎರಡು ಬಗೆ. ಒಂದು ಜೊಲೆಡ್ರಾನಿಕ್ ಆಮ್ಲ, 4 ಮಿ.ಗ್ರಾಂ, ಡ್ರಿಪ್‌ನಲ್ಲಿ ಕನಿಷ್ಠ 15 ನಿಮಿಷ. ಇದು ನೇರವಾಗಿ ಮೂಳೆಯ ಖನಿಜಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಕರಗಿಸುವ ಕೋಶ ಮೂಳೆ ಕರಗಿಸುವಾಗ ಇದನ್ನೂ ಒಳಗೆ ಎಳೆದುಕೊಳ್ಳುತ್ತದೆ, ಒಳಗೆ ಒಂದು ಮುಖ್ಯ ಎಂಜೈಮ್ ನಿಂತುಹೋಗಿ ಕೋಶ ಸಾಯುತ್ತದೆ. ಯಾರು ತಿನ್ನುತ್ತಾರೋ ಅವರಿಗೇ ವಿಷ. ನನಗಂತೂ ಇದು ಬಹಳ ಅಚ್ಚುಕಟ್ಟಾದ ಔಷಧಿ ಅನ್ನಿಸುತ್ತದೆ. ಇನ್ನೊಂದು ಡೆನೊಸುಮ್ಯಾಬ್, 120 ಮಿ.ಗ್ರಾಂ, ಚರ್ಮದಡಿ ನಾಲ್ಕು ವಾರಕ್ಕೊಮ್ಮೆ. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದು ರ‍್ಯಾಂಕ್-ಎಲ್ ಅನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ. ಮೊದಲ ಉತ್ತರದಲ್ಲಿ ಓಪಿಜಿ ಬಂದಿತ್ತಲ್ಲ, ಅದೇ ಕೆಲಸ. ಎರಡೂ ಮೂಳೆ ಮುರಿಯುವುದನ್ನು ಕಡಿಮೆ ಮಾಡುತ್ತವೆ, ನೋವೂ ಇಳಿಯುತ್ತದೆ. ಕ್ಯಾನ್ಸರ್ ವಾಸಿ ಮಾಡುವ ಔಷಧಿ ಅಲ್ಲ ಇವು, ಅದಕ್ಕೆ ಬೇರೆ ಚಿಕಿತ್ಸೆ ಜೊತೆಗೆ ನಡೆಯಬೇಕು.

ಹಲ್ಲಿನ ವಿಷಯಕ್ಕೆ ಬಂದರೆ, ಕರಗಿಸುವ ಕೋಶಗಳನ್ನು ನಿಲ್ಲಿಸಿದಾಗ ದೇಹದ ಎಲ್ಲ ಮೂಳೆಯ ರಿಪೇರಿಯೂ ನಿಧಾನವಾಗುತ್ತದೆ. ದವಡೆಯ ಮೂಳೆ ದಿನಾ ಅಗಿಯುವುದರಿಂದ ಅದಕ್ಕೆ ರಿಪೇರಿ ಬೇಗ ಬೇಗ ಬೇಕು. ಇಂಜೆಕ್ಷನ್ ನಡೆಯುತ್ತಿರುವಾಗ ಹಲ್ಲು ಕೀಳಿಸಿದರೆ ಗಾಯ ಮಾಯದೆ ದವಡೆ ಮೂಳೆ ಸತ್ತು ಹೊರಗೆ ಕಾಣಿಸಿಕೊಳ್ಳಬಹುದು. ನೂರರಲ್ಲಿ ಒಂದಿಬ್ಬರಿಗೆ ಆಗುತ್ತದೆ, ಆದರೆ ಆದವರ ಪಾಡು ಬೇಡ. ಕೀಳಬೇಕಾದ ಹಲ್ಲು ಈಗಲೇ ಕೀಳಿಸಿ, ಗಾಯ ಪೂರ್ತಿ ಮಾಯ್ದ ಮೇಲೆ ಶುರು ಮಾಡಿಸಿ. ಎಲೆಅಡಿಕೆ, ಹೊಗೆಸೊಪ್ಪು ಇದ್ದರೆ ಬಿಡಿ. ಜೊಲೆಡ್ರಾನಿಕ್ ಆದರೆ ಪ್ರತಿ ಸಲ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿಸಬೇಕು, ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ. ಬಸ್ ಹತ್ತಿ ಇಳಿಯುವುದು ಕಷ್ಟ ಅಂದರೆ, ನಾಲ್ಕು ವಾರದ ಬದಲು 12 ವಾರಕ್ಕೊಮ್ಮೆ ಕೊಡಬಹುದಾ ಅಂತ ಕೇಳಿ. ಹಾಗೆ ಕೊಟ್ಟರೂ ಮೂಳೆ ಮುರಿಯುವುದು ಹೆಚ್ಚಾಗುವುದಿಲ್ಲ ಅಂತ 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಇದು ಜೊಲೆಡ್ರಾನಿಕ್‌ಗೆ ಮಾತ್ರ, ಡೆನೊಸುಮ್ಯಾಬ್‌ಗೆ ಅಲ್ಲ.

ಪ್ರಶ್ನೆ: ಲೆಟ್ರೊಝೋಲ್ ಮಾತ್ರೆ ತಗೊಳ್ಳುತ್ತಿದ್ದೇನೆ. ಬೆಳಗ್ಗೆ ಎದ್ದರೆ ಬೆರಳು, ಮಂಡಿ ಎಲ್ಲ ಬಿಗಿ, ನೋವು. ಮೂಳೆಗೆ ಹೋಗಿಬಿಟ್ಟಿತಾ ಅಂತ ರಾತ್ರಿ ನಿದ್ದೆ ಇಲ್ಲ. — ತಿಪಟೂರು

ಉತ್ತರ: ನೀವು ಹೇಳುವ ರೀತಿ ನೋಡಿದರೆ ಮಾತ್ರೆಯದ್ದೇ ಇರಬೇಕು. ಲೆಟ್ರೊಝೋಲ್ ದೇಹದ ಈಸ್ಟ್ರೊಜೆನ್ ಇಳಿಸುವ ಮಾತ್ರೆ, ಅದು ಇಳಿದರೆ ಕೀಲುಗಳು ಹೀಗೆ ಬಿಗಿಯುತ್ತವೆ, ಎರಡೂ ಕೈ, ಎರಡೂ ಮಂಡಿ, ಓಡಾಡಿದ ಮೇಲೆ ಸ್ವಲ್ಪ ಸಡಿಲ. ಹರಡಿದ ನೋವು ಹೆಚ್ಚಾಗಿ ಒಂದು ಜಾಗ ಹಿಡಿದು ಕೂರುತ್ತದೆ, ದಿನೇ ದಿನೇ ಏರುತ್ತದೆ. ಈಸ್ಟ್ರೊಜೆನ್ ಕಡಿಮೆಯಾದಾಗಲೂ ಕರಗಿಸುವ ಕೋಶಗಳು ಚುರುಕಾಗುವುದರಿಂದ ಮೂಳೆ ಸವೆಯುವುದು ನಿಜ, ಅದಕ್ಕೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಕ್ಯಾಲ್ಸಿಯಂ, ವಿಟಮಿನ್-ಡಿ ಕೊಡುತ್ತಾರೆ. ಆದರೂ ನನ್ನ ಊಹೆ ನಂಬಿ ಕೂರಬೇಡಿ, ಮುಂದಿನ ತಪಾಸಣೆ ತನಕ ಕಾಯದೆ ಈ ವಾರವೇ ನಿಮ್ಮ ಡಾಕ್ಟರಿಗೆ ತೋರಿಸಿ. ನೋವು ತಡೆಯಲಾಗದಿದ್ದರೆ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ, ನೀವಾಗಿ ಮಾತ್ರ ನಿಲ್ಲಿಸಬೇಡಿ.